ಹಳ್ಳಿಗೊಂದು ಕೈಪಂಪು: ಪಶ್ಚಿಮ ಆಫ್ರಿಕಾದಲ್ಲಿ ಅದು ನಡೆಯುವುದು ಹೇಗೆ, ನಿಲ್ಲುವುದು ಏಕೆ

"ಆಫ್ರಿಕಾದ ಒಂದು ಹಳ್ಳಿಗೆ ಬೋರ್‌ವೆಲ್ ಹಾಕಿಸಿಕೊಡಿ" ಎಂಬ ಕೋರಿಕೆ ಈಗ ನಮ್ಮ ಮೊಬೈಲುಗಳಿಗೂ ಬರುತ್ತಿದೆ. ರಂಜಾನ್ ತಿಂಗಳಲ್ಲಿ, ಮಕ್ಕಳ ಹುಟ್ಟುಹಬ್ಬಕ್ಕೆ, ತೀರಿಕೊಂಡ ತಂದೆ ತಾಯಿಯ ಹೆಸರಿನಲ್ಲಿ ಹಣ ಕಳಿಸುವವರಿದ್ದಾರೆ. ಕೆಲವು ತಿಂಗಳ ಮೇಲೆ ಒಂದು ಫೋಟೊ ಬರುತ್ತದೆ: ಹೊಸ ಪಂಪು, ದಾನಿಯ ಹೆಸರಿನ ಫಲಕ, ನೀರು ಹಿಡಿಯುತ್ತಿರುವ ಮಕ್ಕಳು. ಐದು ವರ್ಷದ ನಂತರ ಆ ಪಂಪಿನಲ್ಲಿ ನೀರು ಬರುತ್ತಿದೆಯೇ ಎಂಬುದು ಹಣ ಕೊಟ್ಟವರಿಗೆ ತಿಳಿಯುವುದು ಅಪರೂಪ.

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ದೇಶಗಳ ಕೈಪಂಪುಗಳ ಬಗ್ಗೆ 2009ರಲ್ಲಿ ಅಂಕಿ ಅಂಶ ಒಟ್ಟುಗೂಡಿಸಿದಾಗ, ಯಾವುದೇ ದಿನ ನೋಡಿದರೂ ಹೆಚ್ಚುಕಡಿಮೆ ಮೂರರಲ್ಲೊಂದು ಪಂಪು ಕೆಟ್ಟು ನಿಂತಿರುತ್ತದೆ ಎಂಬುದು ಕಂಡುಬಂತು. ಆಮೇಲಿನ ಅಂದಾಜುಗಳಲ್ಲಿ ಅದು ನಾಲ್ಕರಲ್ಲೊಂದರ ಹತ್ತಿರ ಬಂದಿದೆ. ಪಂಪು ಕಳಪೆಯಾಗಿತ್ತು ಎಂದೋ ಜನ ಬೇಜವಾಬ್ದಾರರು ಎಂದೋ ಒಂದೇ ಮಾತಿನಲ್ಲಿ ಇದನ್ನು ಮುಗಿಸಲಾಗದು. ನೆಲದಡಿಯ ಕಲ್ಲು, ನೀರಿನ ಗುಣ, ಪೈಪಿನ ಲೋಹ, ಹಳ್ಳಿಯ ಹಣ, ಹತ್ತಿರದ ಮೆಕ್ಯಾನಿಕ್ ಈ ಐದರಲ್ಲಿ ಒಂದು ತಪ್ಪಿದರೂ ನೀರು ನಿಲ್ಲುತ್ತದೆ. ಘಾನಾ, ಬುರ್ಕಿನಾ ಫಾಸೊ, ಮಾಲಿ ದೇಶಗಳ ಹಳ್ಳಿಗಳನ್ನು ಮುಂದಿಟ್ಟುಕೊಂಡು ಇದನ್ನು ಒಂದೊಂದಾಗಿ ನೋಡೋಣ.

ಕೈಪಂಪೇ ಏಕೆ?

ಉತ್ತರ ಘಾನಾದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಂದೇ ಮಳೆಗಾಲ. ಉಳಿದ ತಿಂಗಳುಗಳಲ್ಲಿ ಸಹಾರಾ ಕಡೆಯಿಂದ ಹರ್ಮಟ್ಟಾನ್ ಎಂಬ ಒಣ ಧೂಳುಗಾಳಿ ಬೀಸಿ ಕೆರೆಕುಂಟೆಗಳು ಬತ್ತುತ್ತವೆ. ಪಂಪು ಬರುವ ಮೊದಲು ಜನ ಕುಡಿಯುತ್ತಿದ್ದುದು ಈ ಕುಂಟೆಗಳ ಕದಡಿದ ನೀರು, ಇಲ್ಲವೇ ಹಳ್ಳದ ಮರಳು ಬಗೆದು ತೆಗೆದ ವರತೆಯ ನೀರು. ಆ ನೀರಿನೊಂದಿಗೆ ನಾರುಹುಣ್ಣು ಬರುತ್ತಿತ್ತು. ಕುಂಟೆಯ ನೀರಿನಲ್ಲಿರುವ ಸೂಕ್ಷ್ಮ ಜಲಜೀವಿಯ ಮೂಲಕ ಹೊಟ್ಟೆ ಸೇರುವ ಹುಳು ಒಂದು ವರ್ಷದಲ್ಲಿ ಮೊಣಕೈಗಿಂತ ಉದ್ದ ಬೆಳೆದು ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಕರ್ನಾಟಕದ ಹಳಬರಿಗೆ ಈ ರೋಗ ಹೊಸದಲ್ಲ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ಘಾನಾದಲ್ಲಿ 2010ರಲ್ಲಿ. ನೀರು ಸೋಸುವ ಬಟ್ಟೆ, ಆರೋಗ್ಯ ಕಾರ್ಯಕರ್ತರ ತಿರುಗಾಟ, ಕೊಳವೆಬಾವಿ ಮೂರೂ ಸೇರಿ ಅದನ್ನು ಓಡಿಸಿದವು.

ವಿದ್ಯುತ್ ಇಲ್ಲದ, ಚದುರಿದ ಮನೆಗಳ ಸಣ್ಣ ಹಳ್ಳಿಗೆ ಕೈಪಂಪೇ ಅತಿ ಕಡಿಮೆ ವೆಚ್ಚದ ಸುರಕ್ಷಿತ ನೀರು. ಘಾನಾದ ಸರ್ಕಾರಿ ಲೆಕ್ಕದಲ್ಲಿ ಒಂದು ಕೈಪಂಪು 300 ಜನರಿಗೆ, ತಲೆಗೆ ದಿನಕ್ಕೆ 20 ಲೀಟರ್, ಮನೆಯಿಂದ 500 ಮೀಟರ್ ಒಳಗೆ. ಅಂದರೆ ದಿನಕ್ಕೆ 6,000 ಲೀಟರ್. ಮುಂದೆ ನೋಡಲಿರುವ ಪಂಪು ಒಮ್ಮೆ ಒತ್ತಿದರೆ ಸುಮಾರು 0.4 ಲೀಟರ್ ಎತ್ತುತ್ತದೆ. ಆ ಲೆಕ್ಕದಲ್ಲಿ ಹಿಡಿಕೆ ದಿನಕ್ಕೆ 15,000 ಸಲ, ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಆಡಬೇಕು. ಕ್ಯಾನು ಬದಲಿಸುವ ಹೊತ್ತನ್ನೂ ಸೇರಿಸಿದರೆ ಇದು ಎಂಟು ಗಂಟೆಯ ಕೆಲಸ. ಪಕ್ಕದ ಹಳ್ಳಿಯ ಪಂಪು ಕೆಟ್ಟು ಅಲ್ಲಿನವರೂ ಇಲ್ಲಿಗೇ ಬಂದರೆ ಹದಿನಾರು ಗಂಟೆ. ಒಂದು ಪಂಪು ನಿಂತರೆ ಅದರ ಹೊರೆ ಪಕ್ಕದ ಪಂಪಿನ ಮೇಲೆ ಬಿದ್ದು ಅದೂ ಬೇಗ ಸವೆಯುತ್ತದೆ.

ನೆಲದಡಿಯ ಕಲ್ಲು

ಪಶ್ಚಿಮ ಆಫ್ರಿಕಾದ ಬಹುಭಾಗದ ತಳಪಾಯ ನಮ್ಮ ಬಯಲುಸೀಮೆಯಂತೆಯೇ ತೀರ ಹಳೆಯ ಗಟ್ಟಿಕಲ್ಲು. ಮೇಲೆ ಮಣ್ಣು, ಅದರಡಿ ಕಲ್ಲು ಶಿಥಿಲವಾಗಿ ಆದ ಗರಸು, ಅದರಡಿ ಬಿರುಕು ಬಿಟ್ಟ ಬಂಡೆ, ಕೊನೆಗೆ ಬಿರುಕೇ ಇಲ್ಲದ ಬಂಡೆ. ಮಳೆಯ ನೀರು ಕೂಡಿರುವುದು ಗರಸಿನಲ್ಲಿ. ಅದು ಬಾವಿಗೆ ಹರಿದು ಬರುವುದು ಬಿರುಕುಗಳ ಮೂಲಕ. ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆ. ಹಾಗಾಗಿ ಕೈಪಂಪಿನ ಬೋರು ಸಾಮಾನ್ಯವಾಗಿ 30ರಿಂದ 70 ಮೀಟರ್, ನಮ್ಮ ಲೆಕ್ಕದಲ್ಲಿ 100ರಿಂದ 230 ಅಡಿ. ಸಾವಿರ ಅಡಿ ಕೊರೆಸುವ ಸುದ್ದಿಯನ್ನೇ ಕೇಳಿ ಬೆಳೆದ ನಮಗೆ ಇದು ಅಚ್ಚರಿ. ಅಲ್ಲಿ ಬೇಕಿರುವುದು ದಿನಕ್ಕೆ ಆರು ಸಾವಿರ ಲೀಟರ್ ಕುಡಿಯುವ ನೀರು ಮಾತ್ರ. ನಿಮಿಷಕ್ಕೆ 10 ಲೀಟರ್‌ಗಿಂತ ಸ್ವಲ್ಪ ಹೆಚ್ಚು ಕೊಟ್ಟರೂ ಆ ಬೋರು ಪಾಸು. ತೋಟಕ್ಕೆ ಹಗಲಿರುಳು ಮೋಟರು ಓಡಿಸುವ ಬಾವಿಗಳು ಅಕ್ಕಪಕ್ಕದಲ್ಲಿ ಇಲ್ಲದ ಕಡೆ ನೀರಿನ ಮಟ್ಟವೂ ನಮ್ಮಲ್ಲಿಯಂತೆ ಪಾತಾಳಕ್ಕೆ ಇಳಿದಿಲ್ಲ.

ಎಲ್ಲ ಕಡೆಯೂ ನೀರು ಬೀಳುತ್ತದೆ ಎಂದಲ್ಲ. ಘಾನಾದ ನಡುಭಾಗವನ್ನು ವ್ಯಾಪಿಸಿರುವ ವೋಲ್ಟಾ ಜಲಾನಯನದ ಮರಳುಗಲ್ಲು, ಜೇಡಿಗಲ್ಲಿನ ಪ್ರದೇಶ ಒಣ ಬೋರುಗಳಿಗೆ ಕುಖ್ಯಾತ. ಅದಕ್ಕೇ ಕೊರೆಯುವ ಮುನ್ನ ನೆಲಕ್ಕೆ ವಿದ್ಯುತ್ ಹಾಯಿಸಿ ರೋಧವನ್ನು ಅಳೆದು ಪಾಯಿಂಟ್ ಗುರುತಿಸುತ್ತಾರೆ. ಒದ್ದೆ ಗರಸಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಒಣ ಬಂಡೆಯಲ್ಲಿ ಹರಿಯದು. ಈ ಸಮೀಕ್ಷೆಯ ಖರ್ಚು ಉಳಿಸಲು ಹೋಗಿ ಎರಡು ಒಣ ಬೋರು ಕೊರೆದರೆ ಉಳಿಸಿದ್ದರ ಹತ್ತಾರು ಪಟ್ಟು ಹೋಗುತ್ತದೆ. "ನೀರು ಬಿದ್ದರೆ ಮಾತ್ರ ಹಣ" ಎಂದು ಗುತ್ತಿಗೆ ಕೊಡುವ ಪದ್ಧತಿಯಲ್ಲೂ ಒಂದು ಅಪಾಯವಿದೆ. ಗುತ್ತಿಗೆದಾರರು ಕಡಿಮೆ ನೀರಿನ ಬೋರನ್ನೂ ಪಾಸು ಮಾಡಿಸಲು ನೋಡುತ್ತಾರೆ.

ಕೊರೆಯುವ ತಿಂಗಳೂ ಮುಖ್ಯ. ಮಳೆ ಮುಗಿದ ಕೂಡಲೇ ಕೊರೆದು ಪರೀಕ್ಷಿಸಿದರೆ ಎಲ್ಲ ಬೋರೂ ಚೆನ್ನಾಗಿಯೇ ಕಾಣುತ್ತದೆ. ಮಾರ್ಚಿಯಿಂದ ಮೇ ತನಕದ ಕಡು ಬೇಸಿಗೆಯಲ್ಲಿ ಎಷ್ಟು ನೀರು ಕೊಡುತ್ತದೆ ಎಂಬುದೇ ಅದರ ನಿಜವಾದ ಶಕ್ತಿ.

ಇನ್ನೊಂದು ಲೆಕ್ಕ ಕಲ್ಲಿನದಲ್ಲ, ಜನರದು. ಉತ್ತರ ಘಾನಾದ ಹಲವು ಸಮುದಾಯಗಳಲ್ಲಿ ನೆಲದ ಪೂಜೆ ಮತ್ತು ಹಂಚಿಕೆ ಟಿಂಡಾನ ಎಂಬ ಭೂಪೂಜಾರಿಯ ಕೈಯಲ್ಲಿರುತ್ತದೆ. ಅವರ ಒಪ್ಪಿಗೆಯಿಲ್ಲದೆ ನೆಲ ಅಗೆಯುವಂತಿಲ್ಲ. ಜಾಗ ಒಬ್ಬರ ಮನೆಯಂಗಳಕ್ಕೆ ತೀರ ಹತ್ತಿರವಾದರೆ ನಾಳೆ ಅದು ಆ ಮನೆಯವರ ಪಂಪಾಗುತ್ತದೆ. ಮೊದಲೇ ಊರಿನವರ ಎದುರು ಜಾಗ ಬಿಡಿಸಿಕೊಂಡು ಬರೆಸಿಕೊಳ್ಳುವುದು ಅದಕ್ಕಾಗಿ. ಪಾಯಖಾನೆ ಗುಂಡಿಯಿಂದ ಕನಿಷ್ಠ 30 ಮೀಟರ್, ಸಾಧ್ಯವಾದರೆ 50 ಮೀಟರ್ ದೂರ ಇರಬೇಕು. ಸ್ಮಶಾನ, ಕಸದ ತಿಪ್ಪೆ, ದನದ ದೊಡ್ಡಿಯಿಂದಲೂ ದೂರ.

ಬೋರು ಎಂದರೆ ಬರಿಯ ತೂತಲ್ಲ

ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಯ ಯಂತ್ರ ಒಂದೆರಡು ದಿನದಲ್ಲಿ ಕೊರೆತ ಮುಗಿಸುತ್ತದೆ. ಆಮೇಲಿನ ಕೆಲಸಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಬಾವಿಯ ಆಯಸ್ಸು ನಿಂತಿರುವುದು ಅವುಗಳ ಮೇಲೆಯೇ.

ಮೊದಲು ಪಿವಿಸಿ ಕೇಸಿಂಗ್ ಇಳಿಸುತ್ತಾರೆ. ನೀರು ಬರುವ ಆಳದಲ್ಲಿ ಸಣ್ಣ ಸೀಳುಗಳಿರುವ ಪೈಪು, ಉಳಿದ ಕಡೆ ಸೀಳಿಲ್ಲದ ಪೈಪು. ಸೀಳು ಪೈಪಿನ ಸುತ್ತ ತೊಳೆದ, ಒಂದೇ ಗಾತ್ರದ ಸಣ್ಣ ಜಲ್ಲಿ ತುಂಬಬೇಕು. ಸಿಕ್ಕ ಮರಳು ಜಲ್ಲಿ ಸುರಿದರೆ ಸೀಳುಗಳು ಮುಚ್ಚಿಕೊಳ್ಳುತ್ತವೆ, ಇಲ್ಲವೇ ಮರಳು ಒಳಬಂದು ಪಂಪಿನ ವಾಷರ್ ತಿನ್ನುತ್ತದೆ. ಜಲ್ಲಿಯ ಮೇಲೆ ಜೇಡಿ, ನೆಲಮಟ್ಟದ ಕೆಳಗಿನ ಕೆಲವು ಮೀಟರ್ ಸಿಮೆಂಟ್ ಗಾರೆ. ಈ ಗಾರೆ ಇಲ್ಲದಿದ್ದರೆ ಮೇಲಿನ ಕೊಳೆ ನೀರು ಕೇಸಿಂಗ್ ಪಕ್ಕದಲ್ಲೇ ಜಾರಿ ಬಾವಿಗೆ ಇಳಿಯುತ್ತದೆ. ಸುರಕ್ಷಿತ ಎಂದುಕೊಂಡ ನೀರಿನಲ್ಲೇ ಭೇದಿ ಬರುತ್ತದೆ. ನಂತರ ಗಾಳಿ ಊದಿ ಕೆಸರೆಲ್ಲ ಹೋಗಿ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಕೆಲ ಗಂಟೆ ಸತತ ನೀರೆತ್ತಿ ಮಟ್ಟ ಎಷ್ಟು ಇಳಿಯುತ್ತದೆ, ನಿಲ್ಲಿಸಿದ ಮೇಲೆ ಎಷ್ಟು ಬೇಗ ಏರುತ್ತದೆ ಎಂದು ಬರೆದಿಡಬೇಕು. ಪಂಪಿನ ಸಿಲಿಂಡರ್ ಎಷ್ಟು ಆಳಕ್ಕೆ ಇಳಿಸಬೇಕು ಎಂಬುದು ಈ ಲೆಕ್ಕದಿಂದಲೇ ತಿಳಿಯುವುದು. ಲೆಕ್ಕವಿಲ್ಲದೆ ಇಳಿಸಿದ ಪಂಪು ಏಪ್ರಿಲ್ ತಿಂಗಳಲ್ಲಿ ಬರಿ ಗಾಳಿ ಎಳೆಯುತ್ತದೆ, ಊರವರು ಪಂಪೇ ಕೆಟ್ಟಿತು ಎಂದುಕೊಳ್ಳುತ್ತಾರೆ.

ಮೇಲೆ ಕಾಂಕ್ರೀಟ್ ಕಟ್ಟೆ, ಸುತ್ತ ಅಂಚು, ಚೆಲ್ಲಿದ ನೀರು ಹರಿಯಲು ಕೆಲವು ಮೀಟರ್ ಉದ್ದದ ಕಾಲುವೆ, ಅದರ ಕೊನೆಗೆ ಇಂಗುಗುಂಡಿ ಅಥವಾ ದನ ಕುಡಿಯುವ ತೊಟ್ಟಿ. ಕಟ್ಟೆಗೆ ಕನಿಷ್ಠ ಒಂದು ವಾರ ನೀರುಣಿಸದೆ ಪಂಪು ಕೂರಿಸಿದರೆ ಬುಡದ ಬೋಲ್ಟುಗಳು ಸಡಿಲಾಗಿ ಇಡೀ ಪಂಪು ಅಲುಗಾಡತೊಡಗುತ್ತದೆ.

ಕಣ್ಣಿಗೆ ಕಾಣದ ವಿಷ

ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ. ಘಾನಾದ ಅಪ್ಪರ್ ಈಸ್ಟ್ ಪ್ರಾಂತ್ಯದ ಬೊಂಗೊ ಜಿಲ್ಲೆಯ ಗ್ರಾನೈಟಿನಿಂದ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಅಲ್ಲಿ ಹಲವು ಬೋರುಗಳು ಅದನ್ನು ದಾಟಿ, ಮಕ್ಕಳ ಹಲ್ಲು ಕಂದಾದ ಮೇಲೆ ಕೆಲವನ್ನು ಮುಚ್ಚಬೇಕಾಯಿತು. ಪಾವಗಡ, ಬಾಗೇಪಲ್ಲಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಬುರ್ಕಿನಾ ಫಾಸೊದ ಉತ್ತರದ ಯಾತೆಂಗಾ ಕಡೆಯ ಕೆಲವು ಬೋರುಗಳಲ್ಲಿ ಆರ್ಸೆನಿಕ್ ಇದೆ. ಚಿನ್ನದ ಅದಿರಿನ ಜೊತೆಗಿರುವ ಗಂಧಕದ ಖನಿಜಗಳಿಂದ ಅದು ಬಿಡುಗಡೆಯಾಗುತ್ತದೆ. ನಮ್ಮ ರಾಯಚೂರು, ಯಾದಗಿರಿಯ ಚಿನ್ನದ ಪಟ್ಟಿಯಲ್ಲಿ ಕಂಡದ್ದೂ ಇದೇ. ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ರುಚಿಗೂ ಬಣ್ಣಕ್ಕೂ ಸಿಗದಷ್ಟು ಸ್ವಲ್ಪ.

ಕುದಿಸಿದರೆ ಫ್ಲೋರೈಡ್ ಆಗಲಿ ಆರ್ಸೆನಿಕ್ ಆಗಲಿ ಹೋಗುವುದಿಲ್ಲ. ನೀರು ಇಂಗಿದಷ್ಟೂ ಸಾಂದ್ರವಾಗುತ್ತವೆ. ಆದ್ದರಿಂದ ಪ್ರಯೋಗಾಲಯದ ವರದಿ ಕೈಗೆ ಬರುವವರೆಗೆ ಪಂಪು ಕೂರಿಸಬಾರದು. ಕೂರಿಸಿದ ಮೇಲೆ ಮುಚ್ಚಿಸುವುದು ಹತ್ತು ಪಟ್ಟು ಕಷ್ಟ.

ಭಾರತದಿಂದ ಹೋದ ಪಂಪು

ಘಾನಾದ ಹಳ್ಳಿಯೊಂದರ ಪಂಪನ್ನು ಕಂಡರೆ ಕನ್ನಡಿಗರಿಗೆ ಗುರುತು ಹತ್ತುತ್ತದೆ. ನಮ್ಮೂರ ಶಾಲೆಯ ಮುಂದಿದ್ದ ಅದೇ ಉದ್ದ ಹಿಡಿಕೆಯ ಬೋರಿಂಗ್ ಪಂಪು, ಇಂಡಿಯಾ ಮಾರ್ಕ್ 2.

1960ರ ದಶಕದ ಬರಗಾಲಗಳಲ್ಲಿ ಭಾರತದ ಗಟ್ಟಿಕಲ್ಲಿನ ಸೀಮೆಗಳಲ್ಲಿ ಸಾವಿರಾರು ಬೋರು ಕೊರೆದರು. ಅವುಗಳ ಮೇಲೆ ಕೂರಿಸಿದ್ದು ಒಂದು ಮನೆಯ ಬಳಕೆಗೆಂದು ಪಶ್ಚಿಮ ದೇಶಗಳಲ್ಲಿ ರೂಪಿಸಿದ್ದ ಎರಕದ ಕಬ್ಬಿಣದ ಪಂಪುಗಳ ನಕಲು. ಇಡೀ ಊರು ಒತ್ತತೊಡಗಿದಾಗ ಅವು ಮುರಿದವು. 1970ರ ದಶಕದ ನಡುವಿಗೆ ಬಹುಪಾಲು ಕೆಟ್ಟು ನಿಂತಿದ್ದವು. ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಬಳಕೆಗೆ ಬಂದಿದ್ದ ಗಟ್ಟಿಮುಟ್ಟಾದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು, ಯುನಿಸೆಫ್ ನೆರವಿನೊಂದಿಗೆ ಚೆನ್ನೈನ ಎಂಜಿನಿಯರುಗಳು ಮತ್ತು ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಸೇರಿ ಮಾರ್ಕ್ 2 ರೂಪಿಸಿದರು. ಅದರ ವಿನ್ಯಾಸಕ್ಕೆ ಯಾರ ಪೇಟೆಂಟೂ ಇಲ್ಲ. ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ ಅದು ಜಗತ್ತಿನಾದ್ಯಂತ ಹರಡಿತು. ಅದೇ ಕಾರಣಕ್ಕೆ ಕಳಪೆ ನಕಲುಗಳೂ ಹರಡಿದವು.

ಇದು ಕೆಲಸ ಮಾಡುವ ರೀತಿ ಹೀಗೆ. ಎಳನೀರಿಗೆ ಸ್ಟ್ರಾ ಹಾಕಿ ಹೀರುವಂತೆ ಮೇಲಿನಿಂದಲೇ ನೀರೆಳೆಯುವ ಪಂಪುಗಳಿಗೆ ಒಂದು ಮಿತಿಯಿದೆ: ಗಾಳಿಯ ಒತ್ತಡದ ಬಲದಿಂದ ಏರುವ ನೀರು ಬಳಕೆಯಲ್ಲಿ ಏಳು ಮೀಟರ್‌ಗಿಂತ ಹೆಚ್ಚು ಏರದು. ಅದಕ್ಕಾಗಿ ಮಾರ್ಕ್ 2ರಲ್ಲಿ ಪಂಪಿನ ಜೀವ ಇರುವುದು ನೆಲದಡಿ, ನೀರಿನೊಳಗೆ. 63.5 ಮಿಲಿಮೀಟರ್ ಒಳವ್ಯಾಸದ ಹಿತ್ತಾಳೆ ಲೈನಿಂಗ್ ಇರುವ ಸಿಲಿಂಡರ್, ಅದರೊಳಗೆ ವಾಷರ್ ತೊಟ್ಟ ಪಿಸ್ಟನ್, ತಳದಲ್ಲಿ ಫುಟ್ ವಾಲ್ವ್. ಸಿಲಿಂಡರಿನಿಂದ ಮೇಲಕ್ಕೆ ಮೂರು ಮೂರು ಮೀಟರಿನ 32 ಮಿಲಿಮೀಟರ್ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳ ಸಾಲು, ಪೈಪಿನೊಳಗೆ ಪಿಸ್ಟನ್ನನ್ನು ಎತ್ತುವ 12 ಮಿಲಿಮೀಟರ್ ಸರಳುಗಳು. ಮೇಲೆ ಹಿಡಿಕೆ ಒತ್ತಿದರೆ ಸರಳು ಏರುತ್ತದೆ, ಪಿಸ್ಟನ್ ತನ್ನ ಮೇಲಿನ ನೀರನ್ನು ಹೊತ್ತು ಏರುತ್ತದೆ, ಕೆಳಗಿನ ಫುಟ್ ವಾಲ್ವ್ ತೆರೆದು ಹೊಸ ನೀರು ಒಳಬರುತ್ತದೆ. ಹಿಡಿಕೆ ಎತ್ತಿದರೆ ಫುಟ್ ವಾಲ್ವ್ ಮುಚ್ಚುತ್ತದೆ, ಪಿಸ್ಟನ್ ತನ್ನ ವಾಲ್ವ್ ತೆರೆದುಕೊಂಡು ನೀರಿನ ನಡುವೆಯೇ ಕೆಳಗಿಳಿಯುತ್ತದೆ.

ಹಿಡಿಕೆ ಕಮಾನಿನಂತೆ ಸುತ್ತುತ್ತದೆ, ಸರಳು ಮಾತ್ರ ನೆಟ್ಟಗೆ ಏರಬೇಕು. ಈ ಎರಡನ್ನೂ ಹೊಂದಿಸಲು ನಡುವೆ ಒಂದು ಚೈನು. ಚೈನು ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಪಿಸ್ಟನ್ ಕೆಳಗಿಳಿಯುವುದು ಸರಳುಗಳ ತೂಕದಿಂದ ಮಾತ್ರ. ತೀರ ಕಡಿಮೆ ಆಳದ ಬಾವಿಯಲ್ಲಿ ಸರಳು ಹಗುರವಾದ್ದರಿಂದ ಚೈನು ಸಡಿಲಗೊಂಡು ಜಗ್ಗಿ ಹರಿಯುತ್ತದೆ. ಅಂಥಲ್ಲಿ ಈ ಪಂಪು ಸಲ್ಲದು. ಇನ್ನೊಂದು ಕಡೆ 45 ಮೀಟರ್ ಆಳದಲ್ಲಿ ನೀರು ಮತ್ತು ಸರಳಿನ ಹೊರೆ ಸೇರಿ 180 ಕಿಲೋ ಹತ್ತಿರ ಬರುತ್ತದೆ. ಹಿಡಿಕೆಯ ಸನ್ನೆ ಅದನ್ನು ಎಂಟರಲ್ಲೊಂದು ಪಾಲಿಗೆ ಇಳಿಸುವುದರಿಂದ ಹತ್ತು ವರ್ಷದ ಹುಡುಗಿಯೂ ಮೈಭಾರ ಹಾಕಿ ಒತ್ತಬಲ್ಲಳು.

ಮಾರ್ಕ್ 2 ಒಂದೇ ಅಲ್ಲಿಯ ಪಂಪಲ್ಲ. ಪೂರ್ವ ಆಫ್ರಿಕಾದಲ್ಲಿ ರೂಪುಗೊಂಡ, ಪಿವಿಸಿ ಪೈಪಿನ ಆಫ್ರಿಡೆವ್ ಇದೆ. ಫ್ರೆಂಚ್ ಮಾತಾಡುವ ದೇಶಗಳಲ್ಲಿ ಕಾಲಿನಿಂದ ತುಳಿಯುವ, ನೆಲದಡಿ ರಬ್ಬರಿನ ಚೀಲವೊಂದು ಉಬ್ಬಿ ಕುಗ್ಗಿ ನೀರೆತ್ತುವ ವೆರ್ನ್ಯೆ ಪಂಪು ಹೆಚ್ಚು. ಪ್ರತಿ ದಾನಿಯೂ ತನಗೆ ತೋಚಿದ ಪಂಪು ತಂದರೆ ಬಿಡಿಭಾಗ ಸಿಗುವುದಿಲ್ಲವೆಂದು ಘಾನಾ ನಾಲ್ಕೇ ಬಗೆಯನ್ನು ಮಾನ್ಯ ಮಾಡಿತು: ಆಫ್ರಿಡೆವ್, ವೆರ್ನ್ಯೆ, ನೀರಾ ಎಂಬ ಇನ್ನೊಂದು ಪಂಪು, ತನ್ನದೇ ಮಾರ್ಪಾಡಿನ ಮಾರ್ಕ್ 2.

ಕೆಡುವುದು ಎಲ್ಲಿ, ಗುರುತಿಸುವುದು ಹೇಗೆ

ಪಂಪು ಬಿಚ್ಚದೆಯೇ ಅದರ ಆರೋಗ್ಯ ತಿಳಿಯಲು ಎರಡು ಪರೀಕ್ಷೆಗಳಿವೆ. ಒಂದು ಬಕೆಟ್ಟು ಮತ್ತು ಗಡಿಯಾರ ಸಾಕು. ನೀರು ಧಾರೆಯಾಗಿ ಬರುತ್ತಿರುವಾಗ 40 ಸಲ ಪೂರ್ತಿ ಒತ್ತಿ ಹಿಡಿದು ಅಳೆಯಿರಿ. ಸರಿಯಾದ ಮಾರ್ಕ್ 2 ಸುಮಾರು 15 ಲೀಟರ್ ಕೊಡಬೇಕು. ಹತ್ತಕ್ಕಿಳಿದಿದ್ದರೆ ಪಿಸ್ಟನ್ನಿನ ವಾಷರ್ ಸವೆದಿರುವ ಸಾಧ್ಯತೆ ಹೆಚ್ಚು. ಎರಡನೆಯದು, ಅರ್ಧ ಗಂಟೆ ಯಾರೂ ಮುಟ್ಟದಂತೆ ಬಿಟ್ಟು ಮತ್ತೆ ಒತ್ತಿ. ಐದು ಒತ್ತಿನೊಳಗೆ ನೀರು ಬಂದರೆ ಸರಿ. ಹೆಚ್ಚು ಬೇಕಾದರೆ ಪೈಪಿನಲ್ಲಿದ್ದ ನೀರು ಕೆಳಗಿಳಿದಿದೆ, ಅಂದರೆ ಫುಟ್ ವಾಲ್ವ್ ಸೋರುತ್ತಿದೆ ಅಥವಾ ಪೈಪು ಜೋಡಣೆಯಲ್ಲೋ ತುಕ್ಕಿನಿಂದಲೋ ತೂತಾಗಿದೆ.

ಹಿಡಿಕೆ ಪಕ್ಕಕ್ಕೆ ಅಲುಗಿದರೆ ಬೇರಿಂಗ್. ಇದ್ದಕ್ಕಿದ್ದಂತೆ ಹಿಡಿಕೆ ಹಗುರಾಗಿ ನೀರೇ ಬಾರದಿದ್ದರೆ ಸರಳು ಕಳಚಿದೆ ಅಥವಾ ತುಂಡಾಗಿದೆ. ನೀರಿನಲ್ಲಿ ಮರಳು ಬಂದರೆ ದೋಷ ಪಂಪಿನದಲ್ಲ, ಬೋರಿನದು. ಎಷ್ಟು ವಾಷರ್ ಬದಲಿಸಿದರೂ ನಿಲ್ಲದು. ವಾರಕ್ಕೊಮ್ಮೆ ಬೋಲ್ಟು ಬಿಗಿಯುವುದು, ತಿಂಗಳಿಗೊಮ್ಮೆ ಚೈನಿಗೆ ಗ್ರೀಸ್ ಹಚ್ಚುವುದು ಹಳ್ಳಿಯವರೇ ಮಾಡುವ ಕೆಲಸ. ಗ್ರೀಸ್ ಡಬ್ಬಿ ಮುಗಿದ ಮೇಲೆ ಮತ್ತೊಂದನ್ನು ಯಾರೂ ತರದಿರುವುದು ಸಾಮಾನ್ಯ. ಒಣಗಿದ ಚೈನು ತುಂಡಾಗಲು ಬಹಳ ಕಾಲ ಬೇಕಿಲ್ಲ.

ಕಷ್ಟ ಇರುವುದು ಕೆಳಗಿನ ರಿಪೇರಿಯಲ್ಲಿ. ಮಾರ್ಕ್ 2ರ ಸಿಲಿಂಡರ್ ಪೈಪಿಗಿಂತ ಅಗಲ. ಅಗ್ಗದ ವಾಷರ್ ಬದಲಿಸಲೂ ಇಡೀ ಪೈಪಿನ ಸಾಲನ್ನು ಮೇಲೆತ್ತಬೇಕು. 45 ಮೀಟರಿಗೆ ಹದಿನೈದು ಪೈಪು, ಸರಳು, ಒಳಗಿನ ನೀರು ಸೇರಿ 200 ಕಿಲೋ ದಾಟುತ್ತದೆ. ಪ್ರತಿ ಜೋಡಣೆ ಬಿಚ್ಚುವಾಗ ಕೆಳಗಿನದನ್ನು ಕ್ಲ್ಯಾಂಪಿನಲ್ಲಿ ಹಿಡಿದಿರಬೇಕು. ಕೈತಪ್ಪಿದರೆ ಎಲ್ಲವೂ ಬಾವಿಯ ತಳಕ್ಕೆ. ಇದನ್ನು ನಿವಾರಿಸಲೆಂದೇ ಮುಂದೆ ಮಾರ್ಕ್ 3 ಬಂತು. ಅದರಲ್ಲಿ ಪೈಪು ಸಿಲಿಂಡರಿನಷ್ಟೇ ಅಗಲವಿರುವುದರಿಂದ ಪೈಪನ್ನು ಅಲ್ಲೇ ಬಿಟ್ಟು ಸರಳಿನೊಂದಿಗೆ ಪಿಸ್ಟನ್ ಎಳೆದು ತೆಗೆಯಬಹುದು. ಆಫ್ರಿಡೆವ್ ಕೂಡ ಹಾಗೆಯೇ. ಆದರೆ ಅಗಲ ಜಿ.ಐ. ಪೈಪು ದುಬಾರಿ, ಭಾರವೂ ಹೆಚ್ಚು.

ತುಕ್ಕು ಹಿಡಿದ ಪಂಪಿಗೆ ಬೆನ್ನು ತಿರುಗಿಸುವ ಹೆಂಗಸರು

ಭಾರತದಲ್ಲಿ ದಶಕಗಳ ಕಾಲ ನಡೆದ ಪಂಪು ಘಾನಾದಲ್ಲಿ ಕೆಲವೇ ವರ್ಷಗಳಲ್ಲಿ ಏಕೆ ತುಕ್ಕು ಹಿಡಿಯಿತು ಎಂಬ ಪ್ರಶ್ನೆಗೆ ಉತ್ತರ ನೀರಿನ ಆಮ್ಲೀಯತೆಯಲ್ಲಿದೆ. ನೀರಿನ ಪಿಎಚ್ 7 ಇದ್ದರೆ ತಟಸ್ಥ, 6.5ಕ್ಕಿಂತ ಕೆಳಗಿಳಿದರೆ ಜಿ.ಐ. ಪೈಪಿನ ಸತುವಿನ ಲೇಪವನ್ನು ನೀರು ತಿಂದುಹಾಕುತ್ತದೆ, ಆಮೇಲೆ ಕಬ್ಬಿಣವನ್ನು. ನಮ್ಮ ಒಣ ಬಯಲುಸೀಮೆಯ ಅಂತರ್ಜಲ ಸಾಮಾನ್ಯವಾಗಿ ತಟಸ್ಥ ಅಥವಾ ಅದಕ್ಕಿಂತ ಮೇಲೆ. ಮಳೆ ಹೆಚ್ಚಿರುವ ಪಶ್ಚಿಮ ಆಫ್ರಿಕಾದ ದಕ್ಷಿಣ ಭಾಗಗಳಲ್ಲಿ, ನಮ್ಮ ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿರುವಂತೆ, ನೀರು ಆಮ್ಲೀಯ.

ಇಂಥ ಪಂಪಿನಲ್ಲಿ ಬೆಳಗಿನ ಮೊದಲ ಕ್ಯಾನು ಕೆಂಪು. ಬಟ್ಟೆಗೆ ಕಲೆ, ನೀರಿಗೆ ಕಬ್ಬಿಣದ ರುಚಿ, ಹಿಟ್ಟಿನ ಮುದ್ದೆಯಂಥ ಉತ್ತರ ಘಾನಾದವರ ನಿತ್ಯದ ಊಟ ಟುವೊ ಝಾಫಿಯ ಬಣ್ಣವೂ ಕೆಡುತ್ತದೆ. ಅಡುಗೆ ಮಾಡುವ ಹೆಂಗಸರು ಅದನ್ನು ಬಿಟ್ಟು ಮತ್ತೆ ಕುಂಟೆಯ ನೀರಿಗೆ ಹೋಗುತ್ತಾರೆ. ಕಾಗದದ ಲೆಕ್ಕದಲ್ಲಿ ಅದು ನಡೆಯುತ್ತಿರುವ ಪಂಪು. ಊರಿನ ಪಾಲಿಗೆ ಇಲ್ಲದ ಪಂಪು. ಬಳಸದೆ ಬಿಟ್ಟಷ್ಟೂ ನೀರು ಪೈಪಿನಲ್ಲಿ ನಿಂತು ತುಕ್ಕು ಇನ್ನಷ್ಟು ಕೂಡುತ್ತದೆ.

ಕೆಂಪು ಬಣ್ಣ ಪೈಪಿನದೋ ನೆಲದ್ದೋ ಎಂದು ಬೇರ್ಪಡಿಸಲು ದಾರಿಯಿದೆ. ರಾತ್ರಿಯಿಡೀ ಮುಟ್ಟದೆ ಬಿಟ್ಟ ಪಂಪಿನಿಂದ ಬೆಳಿಗ್ಗೆ ಮೊದಲ ನೀರನ್ನು ಬಾಟಲಿಯಲ್ಲಿ ಹಿಡಿಯಬೇಕು. ನಂತರ ಕೆಲವು ನೂರು ಸಲ ಒತ್ತಿ, ಪೈಪಿನಲ್ಲಿದ್ದ ನೀರೆಲ್ಲ ಹೋದ ಮೇಲೆ ಮತ್ತೊಂದು ಬಾಟಲಿ ಹಿಡಿಯಬೇಕು. ಎರಡನೆಯದು ತಿಳಿಯಾಗಿದ್ದರೆ ತಪ್ಪು ಪೈಪಿನದು, ಪೈಪು ಬದಲಿಸಿದರೆ ಬಾವಿ ಉಳಿಯುತ್ತದೆ. ಅದೂ ಅಷ್ಟೇ ಕೆಂಪಗಿದ್ದರೆ ಕಬ್ಬಿಣ ನೆಲದಲ್ಲೇ ಇದೆ, ಅದನ್ನು ಸೋಸುವ ಶೋಧಕ ಬೇಕು.

ಘಾನಾದ ಮಾರ್ಪಾಡಿನ ಮಾರ್ಕ್ 2ರಲ್ಲಿ ಜಿ.ಐ. ಬದಲು ಸ್ಟೇನ್‌ಲೆಸ್ ಸ್ಟೀಲ್ ಬಳಸುವುದು ಈ ಕಾರಣಕ್ಕೇ. ಇಲ್ಲೂ ಮೋಸವಿದೆ. ಸ್ಟೇನ್‌ಲೆಸ್ ಎಂದು ಮಾರುವ ಪೈಪಿನಲ್ಲಿ ಕ್ರೋಮಿಯಂ, ನಿಕ್ಕಲ್ ಕಡಿಮೆ ಇರುವುದುಂಟು. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಸಾಲದು. ಮ್ಯಾಂಗನೀಸ್ ಹೆಚ್ಚಿರುವ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟದು. ಲೋಹದ ಅಂಶ ಅಳೆಯುವ ಉಪಕರಣದಿಂದ ಬಂದರಿನಲ್ಲೋ ಗೋದಾಮಿನಲ್ಲೋ ಪರೀಕ್ಷಿಸಿದ ವರದಿ ಕೇಳುವುದೇ ಸರಿ.

ಹಳ್ಳಿಯ ಹಣ, ಹಳ್ಳಿಯ ಸಮಿತಿ

1981ರಿಂದ 1990ರವರೆಗಿನ ಅಂತರರಾಷ್ಟ್ರೀಯ ಕುಡಿಯುವ ನೀರಿನ ದಶಕದಲ್ಲಿ ಒಂದು ಚಿಂತನೆ ಗಟ್ಟಿಯಾಯಿತು: ರಾಜಧಾನಿಯಿಂದ ಬರುವ ಸರ್ಕಾರಿ ಲಾರಿಗೆ ಕಾಯುವ ಬದಲು ಹಳ್ಳಿಯೇ ತನ್ನ ಪಂಪನ್ನು ನೋಡಿಕೊಳ್ಳಬೇಕು. ಘಾನಾದಲ್ಲಿ 1998ರ ಕಾನೂನಿನಿಂದ ಸಮುದಾಯ ನೀರು ಮತ್ತು ನೈರ್ಮಲ್ಯ ಸಂಸ್ಥೆ ಬಂತು. ಹಳ್ಳಿಗಳಲ್ಲಿ ನೀರಿನ ಸಮಿತಿಗಳಾದವು, ಊರವರು ವೆಚ್ಚದ ಶೇ. 5ರಷ್ಟನ್ನು ತಾವೇ ಹಾಕಬೇಕೆಂಬ ನಿಯಮವೂ ಕೆಲಕಾಲ ಇತ್ತು.

ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ, ಪಂಪಿನ ಉಸ್ತುವಾರಿ ಇಬ್ಬರು, ಅವರಲ್ಲಿ ಮಹಿಳೆಯರು ಇರಲೇಬೇಕು ಎಂಬುದು ಸಾಮಾನ್ಯ ರಚನೆ. ಮಹಿಳೆಯರು ಬೇಕೆನ್ನುವುದಕ್ಕೆ ನ್ಯಾಯದ ಜೊತೆಗೆ ಒಂದು ನೇರ ಕಾರಣವಿದೆ. ತರಬೇತಿ ಪಡೆದ ಯುವಕರು ಬೇಸಿಗೆಯಲ್ಲಿ ಕೂಲಿಗಾಗಿ ಕುಮಾಸಿ, ಅಕ್ರಾ ನಗರಗಳ ಕಡೆಗೆ ಹೋಗಿಬಿಡುತ್ತಾರೆ, ಪಂಪಿನ ಮೇಲೆ ಹೊರೆ ಅತಿ ಹೆಚ್ಚಾಗುವುದೂ ಆಗಲೇ. ನೀರಿಗಾಗಿ ದಿನವೂ ಸಾಲಿನಲ್ಲಿ ನಿಲ್ಲುವವರಿಗೆ ಪಂಪಿನ ಸದ್ದು ಬದಲಾದದ್ದು ಮೊದಲು ತಿಳಿಯುತ್ತದೆ.

ಹಣ ಕೂಡಿಸಲು ಮೂರು ದಾರಿಗಳು ಬಳಕೆಯಲ್ಲಿವೆ. ತಿಂಗಳಿಗೆ ಮನೆಗಿಷ್ಟು ಎಂಬುದು ಒಂದು. 40 ಮನೆಗಳು ತಿಂಗಳಿಗೆ 5 ಸೆಡಿಯಂತೆ (ಸೆಡಿ ಎಂದರೆ ಘಾನಾದ ಹಣ) ಕೊಟ್ಟರೆ ವರ್ಷಕ್ಕೆ 2,400 ಸೆಡಿ. ಆದರೆ ಮಳೆಗಾಲದಲ್ಲಿ ಮಾಡಿನ ನೀರು, ಕುಂಟೆಯ ನೀರು ಇರುವಾಗ ಯಾರೂ ಕೊಡುವುದಿಲ್ಲ. ಅದೇ ಹೊತ್ತಿಗೆ ಕಣಜ ಬರಿದಾಗಿ ಕೈಯಲ್ಲಿ ಕಾಸೂ ಇರುವುದಿಲ್ಲ. ಕ್ಯಾನಿಗಿಷ್ಟು ಎಂದು ಸ್ಥಳದಲ್ಲೇ ವಸೂಲಿ ಮಾಡುವುದು ಎರಡನೆಯದು. ಹಣ ನಿಯಮಿತವಾಗಿ ಬರುತ್ತದೆ, ಆದರೆ ದಿನವಿಡೀ ಕೂರುವವರಿಗೆ ಪಾಲು ಕೊಡಬೇಕು, ಕಡುಬಡವರು ಮತ್ತೆ ಕುಂಟೆಗೆ ಇಳಿಯದಂತೆ ರಿಯಾಯಿತಿಯೂ ಬೇಕು. ಕೊಯ್ಲಿನ ನಂತರ ವರ್ಷಕ್ಕೊಮ್ಮೆ, ಕೆಲವೆಡೆ ಊರಿನ ಸಮುದಾಯದ ಹೊಲದ ಬೆಳೆ ಮಾರಿ, ಒಟ್ಟಿಗೆ ಕೂಡಿಸುವುದು ಮೂರನೆಯದು. ರೈತರ ಕೈಗೆ ಹಣ ಬರುವ ಕಾಲಕ್ಕೆ ಇದೇ ಹೆಚ್ಚು ಹೊಂದುತ್ತದೆ. ಪಂಪು ಕೆಟ್ಟ ಮೇಲೆ ಚಂದಾ ಎತ್ತುವ ನಾಲ್ಕನೆಯ ದಾರಿಯೇ ವಾಸ್ತವದಲ್ಲಿ ಅತಿ ಸಾಮಾನ್ಯ. ಅದರ ಬೆಲೆ, ಚಂದಾ ಮುಗಿಯುವ ತನಕ ವಾರಗಟ್ಟಲೆ ಕುಂಟೆಯ ನೀರು.

ಕೂಡಿಟ್ಟ ಹಣಕ್ಕೂ ಕಂಟಕವಿದೆ. ಘಾನಾದಲ್ಲಿ 2022ರ ಕೊನೆಗೆ ಬೆಲೆಯೇರಿಕೆ ವರ್ಷಕ್ಕೆ ಶೇ. 50 ದಾಟಿತು. ಪೈಪು ಬದಲಿಸಲೆಂದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಸೆಡಿಗೆ ಅರ್ಧ ಪೈಪೂ ಬಾರದಂತಾಯಿತು. ಬುರ್ಕಿನಾ, ಮಾಲಿಯ ಹಣವಾದ ಸಿಎಫ್‌ಎ ಫ್ರಾಂಕ್ ಯೂರೊಗೆ ಬಿಗಿದಿರುವುದರಿಂದ ಅಲ್ಲಿ ಈ ಪೆಟ್ಟು ಕಡಿಮೆ. ಘಾನಾದಂಥ ಕಡೆ ನೋಟು ಕೂಡಿಡುವುದಕ್ಕಿಂತ ಹಣ ಬಂದಾಗಲೇ ಒಂದು ಜೊತೆ ವಾಷರ್, ಚೈನು, ಬೇರಿಂಗ್, ಎರಡು ಪೈಪು ಕೊಂಡಿಟ್ಟುಕೊಳ್ಳುವುದು ಜಾಣತನ. ರಬ್ಬರಿನ ಭಾಗಗಳನ್ನು ಮಾತ್ರ ಬಿಸಿಲು ತಾಗದಂತೆ ಇಡಬೇಕು.

ಸಮಿತಿಗಳಿಗೆ ತಮ್ಮದೇ ಮಿತಿಯಿದೆ. ಗ್ರೀಸ್, ಬೋಲ್ಟು, ವಾಷರ್ ಅವರಿಂದ ಆಗುತ್ತದೆ. ಇಡೀ ಪೈಪಿನ ಸಾಲು ಬದಲಿಸುವುದು, ಬೋರು ಮತ್ತೆ ತೊಳೆಸುವುದು ನಲವತ್ತು ಬಡ ಮನೆಗಳಿಂದ ಆಗದು. ಇದನ್ನು ಅವರ ತಲೆಗೆ ಕಟ್ಟಿ "ಊರವರಿಗೆ ಆಸಕ್ತಿಯಿಲ್ಲ" ಎನ್ನುವುದು ಅನ್ಯಾಯ. ದೊಡ್ಡ ರಿಪೇರಿಯ ಹಣ ಜಿಲ್ಲಾ ಆಡಳಿತದಿಂದಲೋ ಪಂಪು ಕೊಟ್ಟವರಿಂದಲೋ ಬರಬೇಕೆಂದು ಮೊದಲ ದಿನವೇ ಬರೆದಿಡಬೇಕು. ಮಾಲಿಯ ಬುಗುನಿ ಪ್ರದೇಶದಲ್ಲಿ ಉಡುಮಾ ಎಂಬ ಕಂಪನಿ ನೂರಾರು ಕೈಪಂಪುಗಳ ನಿರ್ವಹಣೆಯನ್ನು ಒಟ್ಟಾಗಿ ವಹಿಸಿಕೊಂಡು, ಊರವರಿಂದ ನೀರಿಗೆ ಹಣ ಪಡೆದು ರಿಪೇರಿಯ ಹೊಣೆ ಹೊತ್ತಿತು. ಪಂಪುಗಳು ನೂರಿದ್ದರೆ ಒಂದರ ದೊಡ್ಡ ಖರ್ಚು ಉಳಿದವುಗಳಲ್ಲಿ ಹಂಚಿಹೋಗುತ್ತದೆ. ಒಂದೇ ಪಂಪಿನ ಊರಿಗೆ ಆ ಅನುಕೂಲವಿಲ್ಲ.

ಮೆಕ್ಯಾನಿಕ್ ಎಷ್ಟು ದೂರ?

ಪೈಪೆತ್ತುವ ಕೆಲಸಕ್ಕೆ ಆಯಾ ಪ್ರದೇಶದಲ್ಲಿ ತರಬೇತಿ ಪಡೆದ ಮೆಕ್ಯಾನಿಕ್ ಇರುತ್ತಾರೆ, ಒಬ್ಬರಿಗೆ ಹಲವು ಹತ್ತು ಪಂಪುಗಳು. ಬೈಕು, ಕ್ಲ್ಯಾಂಪು, ಪೈಪು ಸ್ಪ್ಯಾನರು, ತಳಕ್ಕೆ ಬಿದ್ದ ಪೈಪು ಹಿಡಿದೆತ್ತುವ ಕೊಂಡಿ ಅವರ ಬಂಡವಾಳ. ವರ್ಷದಲ್ಲಿ ಹತ್ತೇ ಕರೆ ಬಂದರೆ ಅವರು ಈ ವೃತ್ತಿ ಬಿಟ್ಟು ಬೇರೆ ದುಡಿಮೆ ನೋಡಿಕೊಳ್ಳುತ್ತಾರೆ. ಕೆಟ್ಟಾಗ ಮಾತ್ರ ಕರೆಯುವ ಬದಲು ವರ್ಷಕ್ಕೆ ಎರಡು ಸಲ ತಪಾಸಣೆಗೆಂದು ಹಣ ಕೊಡುವ ಊರುಗಳಲ್ಲಿ ಮೆಕ್ಯಾನಿಕ್ಕೂ ಉಳಿಯುತ್ತಾರೆ, ಪಂಪೂ ಉಳಿಯುತ್ತದೆ.

ಹಣ ಕಳಿಸುವ ಮುನ್ನ

ಸಂಸ್ಥೆಯನ್ನು ಕೇಳಬೇಕಾದವು ಹೆಚ್ಚಿಲ್ಲ. ಆ ಜಿಲ್ಲೆಯಲ್ಲಿ ಸರ್ಕಾರ ಮಾನ್ಯ ಮಾಡಿದ ಪಂಪನ್ನೇ ಹಾಕುತ್ತೀರಾ? ಫ್ಲೋರೈಡ್, ಆರ್ಸೆನಿಕ್, ಪಿಎಚ್ ವರದಿ ಕಳಿಸುತ್ತೀರಾ? ಪಿಎಚ್ 6.5ಕ್ಕಿಂತ ಕಡಿಮೆ ಬಂದರೆ ಯಾವ ಪೈಪು? ಬೋರು ಒಣಗಿದ್ದರೆ ನನ್ನ ಹಣಕ್ಕೇನು ಮಾಡುತ್ತೀರಿ? ಐದನೆಯ ವರ್ಷ ಪೈಪು ಕೆಟ್ಟರೆ ಯಾರು ಬದಲಿಸುತ್ತಾರೆ? ಮೂರು ವರ್ಷದ ಹಿಂದೆ ನೀವು ಹಾಕಿಸಿದ ಪಂಪುಗಳಲ್ಲಿ ಇಂದು ಎಷ್ಟು ನಡೆಯುತ್ತಿವೆ?

ಇನ್ನೊಂದನ್ನೂ ಕೇಳಿ: ಹೊಸದರ ಬದಲು ಹಳೆಯದನ್ನು ಸರಿಪಡಿಸಬಹುದೇ? ಬೋರು ಗಟ್ಟಿಯಾಗಿದ್ದು ಮೇಲಿನ ಪಂಪಷ್ಟೇ ಸತ್ತಿರುವ ಊರುಗಳು ಸಾಕಷ್ಟಿವೆ. ಅಲ್ಲಿ ಪೈಪೆಲ್ಲ ಎತ್ತಿ, ಬಾವಿಯ ಆಳ ಅಳೆದು ಹೂಳು ಎಷ್ಟು ಎಂದು ನೋಡಿ, ಗಾಳಿ ಊದಿ ತೊಳೆದು, ನೀರಿನ ಪರೀಕ್ಷೆ ಮಾಡಿಸಿ, ಕ್ಲೋರಿನ್ ಹಾಕಿ, ಹೊಸ ಸ್ಟೇನ್‌ಲೆಸ್ ಪೈಪು ಮತ್ತು ಸಿಲಿಂಡರ್ ಇಳಿಸಿದರೆ ಹೊಸ ಬೋರಿನ ವೆಚ್ಚದ ಒಂದು ಪಾಲಿನಲ್ಲಿ ನೀರು ಬರುತ್ತದೆ. ಕೇಸಿಂಗ್ ಒಡೆದಿದ್ದರೆ ಅಥವಾ ಮರಳು ನಿಲ್ಲದೆ ಬರುತ್ತಿದ್ದರೆ ಮಾತ್ರ ಆ ಬೋರಿನ ಆಸೆ ಬಿಟ್ಟು, ಸಿಮೆಂಟಿನಿಂದ ಭದ್ರವಾಗಿ ಮುಚ್ಚಿ, ಹೊಸ ಪಾಯಿಂಟ್ ನೋಡಬೇಕಾಗುತ್ತದೆ.